ಮಂಗಲೇಶನ ಕಲ್ಮನೆ

ಬಾದಾಮಿಗೆ ನಾನು ಮೊದಲು ಹೋಗಿದ್ದು ಏಳನೇ ಕ್ಲಾಸಿನ ಪ್ರವಾಸದಲ್ಲಿ. ಆಗ ನೆನಪಿನಲ್ಲಿ ಉಳಿದದ್ದು ಎರಡೇ. ಒಂದು, ಹದಿನೆಂಟು ಕೈಯ ನಟರಾಜ. ಇನ್ನೊಂದು, ನನ್ನ ಚಿತ್ರಾನ್ನದ ಡಬ್ಬಿ ಕಿತ್ತುಕೊಂಡು ಬಂಡೆ ಹತ್ತಿದ ಕೋತಿ. ನಿಜ ಹೇಳಬೇಕೆಂದರೆ ನಟರಾಜನಿಗಿಂತ ಕೋತಿಯೇ ಜಾಸ್ತಿ ನೆನಪು.

ಈ ಸಲ ಅಪ್ಪನ ಜೊತೆ ಹೋಗಿದ್ದೆ. ಅವರಿಗೆ ಎಪ್ಪತ್ತಮೂರು. ಮಂಡಿ ನೋವು ಅಂತ ದೇವಸ್ಥಾನದ ಮೆಟ್ಟಿಲು ನೋಡಿದರೆ ಸಾಕು, "ನೀವು ಹೋಗಿ ಬನ್ನಿ, ನಾನು ಚಪ್ಪಲಿ ಕಾಯ್ತೀನಿ" ಅನ್ನುವವರು. ಬಾದಾಮಿಯಲ್ಲಿ ಮಾತ್ರ ಒಂದೂ ಮಾತಾಡದೆ ಹತ್ತಿದರು. ಮೊದಲ ಗುಹೆಯಲ್ಲಿ ಹತ್ತು ನಿಮಿಷ, ಎರಡನೆಯದರಲ್ಲಿ ಐದು ನಿಮಿಷ. ಮೂರನೆಯದಕ್ಕೆ ಬಂದವರು ಅಲ್ಲೇ ಕೂತುಬಿಟ್ಟರು.

ನನಗೂ ಮೂರನೆಯ ಗುಹೆಯೇ ಬೇಕಿತ್ತು. ಅದಕ್ಕೆ ಕಾರಣ ಒಂದು ಪದ.

ಮೊದಲು ಊರಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಬಾದಾಮಿಯ ಹಳೆಯ ಹೆಸರು ವಾತಾಪಿ. ಮಗುವಿಗೆ ಹಾಲು ಕುಡಿಸಿ ಹೊಟ್ಟೆ ಸವರುತ್ತ "ಜೀರ್ಣ ಜೀರ್ಣ ವಾತಾಪಿ ಜೀರ್ಣ" ಅನ್ನುತ್ತೇವಲ್ಲ, ಅದೇ ವಾತಾಪಿ. ಅಗಸ್ತ್ಯರು ತಿಂದು ಅರಗಿಸಿಕೊಂಡ ರಾಕ್ಷಸನ ಹೆಸರು ಊರಿಗೆ, ಅರಗಿಸಿಕೊಂಡ ಋಷಿಯ ಹೆಸರು ಕೆರೆಗೆ. ಆ ಕೆರೆಯ ಎರಡೂ ಕಡೆ ಕೆಂಪು ಮರಳುಗಲ್ಲಿನ ಗುಡ್ಡಗಳು. ಉತ್ತರದ ಗುಡ್ಡದ ಮೇಲೆ ಚಾಲುಕ್ಯರ ಒಂದನೇ ಪುಲಿಕೇಶಿ 543ರಲ್ಲಿ ಕೋಟೆ ಕಟ್ಟಿಸಿದ. ಅದಕ್ಕೂ ಬಂಡೆಯ ಮೇಲೆ ಶಾಸನ ಇದೆ. ಗುಹೆಗಳು ಇರುವುದು ದಕ್ಷಿಣದ ಗುಡ್ಡದಲ್ಲಿ. ಒಂದು ಶಿವನದು, ಎರಡು ವಿಷ್ಣುವಿನವು, ನಾಲ್ಕನೆಯದು ಜೈನರದು. ನಡುವೆ ಯಾರೂ ಕೊರೆಯದ, ತಾನಾಗಿಯೇ ಆದ ಒಂದು ಸಣ್ಣ ಗುಹೆಯೂ ಇದೆ. ಅಲ್ಲಿ ಸವೆದುಹೋದ ಒಂದು ಬೌದ್ಧ ಮೂರ್ತಿ. ಜನ ಅದನ್ನು ದಾಟಿಕೊಂಡು ಮೇಲೆ ಹೋಗಿಬಿಡುತ್ತಾರೆ. ನಾವೂ ಹಾಗೇ ದಾಟಿದೆವು.

ಒಂದನೇ ಪುಲಿಕೇಶಿಗೆ ಇಬ್ಬರು ಮಕ್ಕಳು. ದೊಡ್ಡವನು ಕೀರ್ತಿವರ್ಮ, ಚಿಕ್ಕವನು ಮಂಗಲೇಶ. ಅಪ್ಪನ ನಂತರ ಪಟ್ಟಕ್ಕೆ ಬಂದವನು ಕೀರ್ತಿವರ್ಮ. ಅವನು ಆಳುತ್ತಿದ್ದಾಗ ತಮ್ಮ ಈ ಮೂರನೆಯ ಗುಹೆಯನ್ನು ಮಾಡಿಸಿದ. ಅಲ್ಲಿಯ ಅರೆಗಂಬದ ಮೇಲೆ ಸಂಸ್ಕೃತದಲ್ಲಿ ಒಂದು ಶಾಸನ ಇದೆ. ಶಕ ವರ್ಷ 500, ಕೀರ್ತಿವರ್ಮ ಪಟ್ಟಕ್ಕೆ ಬಂದ ಹನ್ನೆರಡನೇ ವರ್ಷ, ಕಾರ್ತಿಕ ಹುಣ್ಣಿಮೆ. ನಮ್ಮ ಲೆಕ್ಕದಲ್ಲಿ 578. ಇಷ್ಟು ಹಳೆಯ ಗುಹೆಗೆ ಹುಣ್ಣಿಮೆಯ ಸಮೇತ ತಾರೀಖು ಸಿಗುವುದು ಅಪರೂಪ. ಉಳಿದ ಎಷ್ಟೋ ಗುಹೆಗಳ ಕಾಲವನ್ನು ಮೂರ್ತಿಯ ಕಿರೀಟ, ಕಂಬದ ಬೋದಿಗೆ ನೋಡಿ ಅಂದಾಜು ಮಾಡಬೇಕು. ಈ ಗುಹೆಗೆ ಮಾತ್ರ ಜಾತಕವೇ ಇದೆ.

ಆ ಸಂಸ್ಕೃತ ಶಾಸನದ ಗತ್ತು ನೋಡಬೇಕು. ಮಹಾವಿಷ್ಣುವಿನ ಈ ಗೃಹ "ಅತಿದೈವಮಾನುಷ್ಯಕಂ" ಅಂತೆ. ದೇವರು, ಮನುಷ್ಯರು ಇಬ್ಬರ ಕೆಲಸವನ್ನೂ ಮೀರಿಸಿದ್ದು. ಅತ್ಯದ್ಭುತವಾಗಿ ಮಾಡಿದ್ದು, ಬುಡದಿಂದ ತುದಿಯವರೆಗೆ ನೋಡಲೇಬೇಕಾದದ್ದು. ಮಾಡಿಸಿದವನೇ ಹೀಗೆ ಬರೆಸಿಕೊಂಡಿದ್ದಾನೆ. ಗುಹೆಯಲ್ಲಿ ನಿಂತು ನೋಡಿದರೆ ಕೊಚ್ಚಿಕೊಂಡ ಅಂತ ಅನಿಸುವುದಿಲ್ಲ, ಆ ಮಾತು ಬೇರೆ.

ಅಲ್ಲೇ ಇನ್ನೊಂದು ಪುಟ್ಟ ಶಾಸನ ಇದೆ. ಅದೂ ಮಂಗಲೇಶನದೇ, ಆದರೆ ಕನ್ನಡದ್ದು. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಬರಹಗಳಲ್ಲಿ ಇದೂ ಒಂದು. ಅದರಲ್ಲಿ ಅತ್ಯದ್ಭುತವೂ ಇಲ್ಲ, ದೇವಮಾನುಷವೂ ಇಲ್ಲ. ಈ ಇಡೀ ವೈಭವಕ್ಕೆ ಅದು ಕೊಟ್ಟ ಹೆಸರು "ಕಲ್ಮನೆ". ಕಲ್ಲಿನ ಮನೆ. ಅಷ್ಟೇ!

ಈ ಪದಕ್ಕಾಗಿಯೇ ನಾನು ಬಂದಿದ್ದು.

ಒಂದು ಸಲ ಕಲ್ಮನೆ ಅಂತ ತಲೆಯಲ್ಲಿ ಕೂತರೆ ಗುಹೆ ಬೇರೆಯೇ ಆಗಿ ಕಾಣುತ್ತದೆ. ಎದುರಿಗೆ ಎತ್ತರದ ಜಗುಲಿ. ಅದರ ಅಂಚಿಗೆ ಸಾಲಾಗಿ ಕುಳ್ಳ ಕುಳ್ಳ ಗಣಗಳು. ಹೊಟ್ಟೆ ಮುಂದೆ ಮಾಡಿಕೊಂಡು ಕುಣಿಯುತ್ತ, ಹಲ್ಲು ಕಿರಿಯುತ್ತ ಕೂತಿವೆ, ಬೀದಿಯ ಮಕ್ಕಳು ಜಗುಲಿಯ ಮೇಲೆ ಕೂತ ಹಾಗೆ. ಜಗುಲಿ ಹತ್ತಿದರೆ ಪಡಸಾಲೆ. ದಾಟಿದರೆ ಕಂಬಗಳ ನಡುಮನೆ. ಹಿಂದಿನ ಗೋಡೆಯಲ್ಲಿ ಪುಟ್ಟ ದೇವರ ಕೋಣೆ. ನಮ್ಮ ತಾತನ ಮನೆಯೂ ಹೀಗೇ ಇತ್ತಲ್ಲ! ಹೊರಗಡೆ ಸೂರು ಬೇರೆ ಇದೆ. ಸೂರಿನ ಒಳಮೈಗೆ ಪಕ್ಕಾಸಿಯ ಹಾಗೆ ಗೆರೆಗಳು. ಒಳಗೆ ಮೇಲೆ ತೊಲೆಗಳು. ಒಂದೇ ಬಂಡೆಯಲ್ಲಿ ಕೊರೆದ ಕೋಣೆಗೆ ತೊಲೆ ಯಾಕೆ ಬೇಕು? ಚಾವಣಿ ಬೀಳುವ ಭಯವಿಲ್ಲ, ಗುಡ್ಡವೇ ಚಾವಣಿ. ಆದರೂ ಮನೆ ಅಂದಮೇಲೆ ತೊಲೆ ಇರಬೇಕು. ಮರದ ಮನೆ ನೋಡಿ ಅಭ್ಯಾಸವಾದ ಕಣ್ಣು ಕಲ್ಲಿನಲ್ಲೂ ಮರವನ್ನೇ ಕಡೆಯಿತು.

ಕಟ್ಟಡ ಕಟ್ಟುವವರು ಪಾಯದಿಂದ ಮೇಲಕ್ಕೆ ಹೋಗುತ್ತಾರೆ. ಗುಹೆ ಕೊರೆಯುವವರದು ತಿರುವುಮುರುವು. ಮೊದಲು ಚಾವಣಿ, ಕೊನೆಗೆ ನೆಲ. ಮೇಲಿಂದ ಕೊರೆಯುತ್ತ ಇಳಿದರೆ ಸಾರ್ವೆ ಬೇಡ. ಇನ್ನೂ ತೆಗೆಯದ ಕಲ್ಲೇ ನಿಲ್ಲಲು ಕಟ್ಟೆ. ಅಂದರೆ ಮೊದಲ ಏಟು ಹಾಕುವಾಗಲೇ ಕಂಬ ಎಲ್ಲಿ ಬರಬೇಕು, ಮೂರ್ತಿ ಎಲ್ಲಿ ಬರಬೇಕು ಅಂತ ಗೊತ್ತಿರಬೇಕು. ಮೂರ್ತಿಗೆ ಬೇಕಾದಷ್ಟು ಕಲ್ಲನ್ನು ಗೋಡೆಯಲ್ಲಿ ಉಳಿಸಿಕೊಂಡೇ ಬರಬೇಕು. ಇಟ್ಟಿಗೆ ಸೊಟ್ಟಗಾದರೆ ತೆಗೆದು ಮತ್ತೆ ಇಡಬಹುದು. ಇಲ್ಲಿ ಹೋದ ಕಲ್ಲು ಹೋದ ಹಾಗೇ. ವಿಷ್ಣುವಿನ ಮೂಗು ಮುರಿದರೆ ಆ ದಿನ ಕೆಲಸಗಾರರ ಮಧ್ಯೆ ಏನೇನು ಮಾತು ನಡೆದಿರಬಹುದು ಅಂತ ಯೋಚಿಸಿ ನಾನು ಒಬ್ಬಳೇ ನಕ್ಕೆ.

ಮರಳುಗಲ್ಲು ಪದರ ಪದರವಾಗಿ ಕೂತ ಕಲ್ಲು. ಉಳಿ ಸುಲಭವಾಗಿ ಒಳಗಿಳಿಯುತ್ತದೆ. ಈ ಗುಹೆಯ ಕಂಬಗಳಲ್ಲಿ ಆ ಪದರಗಳು ನೇರವಾಗಿ ಕಾಣುತ್ತವೆ. ಕೆಂಪು, ನಸುನೇರಳೆ, ಬಿಳಿ ಪಟ್ಟೆಗಳು ಒಂದು ಕಂಬದಿಂದ ಇನ್ನೊಂದಕ್ಕೆ ಹಾಗೇ ಮುಂದುವರೆಯುತ್ತವೆ, ನಡುವೆ ಗಾಳಿ ಇದೆ ಅನ್ನುವುದನ್ನೇ ಮರೆತ ಹಾಗೆ. ಅಪ್ಪ ಒಂದು ಕಂಬದ ಮೇಲೆ ಕೈಯಾಡಿಸಿ, "ಇಳಕಲ್ ಸೀರೆ ಅಂಚಿನ ಹಂಗಿದೆ" ಅಂದರು. ಇಳಕಲ್ ಅಲ್ಲಿಂದ ಅಷ್ಟೇನೂ ದೂರವಿಲ್ಲ, ಹಾಗಾಗಿ ಹೋಲಿಕೆಯನ್ನು ಒಪ್ಪಿಕೊಂಡೆ.

ಇಲ್ಲಿಯ ದೇವರುಗಳೂ ಮನೆಯಲ್ಲಿರುವ ಹಾಗೇ ಇದ್ದಾರೆ. ವಿಷ್ಣು ಅನಂತನ ಮೇಲೆ ಮಲಗಿರುವುದನ್ನು ಎಲ್ಲ ಕಡೆ ನೋಡಿದ್ದೇವೆ. ಇಲ್ಲಿ ಮಾತ್ರ ಕೂತಿದ್ದಾನೆ. ಹಾವಿನ ಸುರುಳಿಯನ್ನೇ ಗಾದಿ ಮಾಡಿಕೊಂಡು, ಕಾಲು ಮಡಿಸಿಕೊಂಡು, ಪಡಸಾಲೆಯ ತುದಿಯಲ್ಲಿ ಮನೆಯ ಯಜಮಾನನ ಹಾಗೆ. ಆಚೆ ತುದಿಯ ಕಡೆ ನರಸಿಂಹ. ನರಸಿಂಹ ಅಂದರೆ ಕರುಳು ಬಗೆಯುವ ದೃಶ್ಯವೇ ಕಣ್ಣಿಗೆ ಬರುತ್ತದೆ ಅಲ್ವಾ? ಇಲ್ಲಿ ಹಿರಣ್ಯಕಶಿಪು ಇಲ್ಲವೇ ಇಲ್ಲ. ಗದೆಯ ಮೇಲೆ ಕೈ ಊರಿಕೊಂಡು ಆರಾಮಾಗಿ ನಿಂತಿದ್ದಾನೆ. ಕೆಲಸ ಮುಗಿಸಿ ಹೊರಬಾಗಿಲಲ್ಲಿ ಗಾಳಿಗೆ ನಿಂತವನಂತೆ. ಕಂಬಗಳ ಮೇಲ್ತುದಿಗೆ ಜೋಡಿ ಜೋಡಿಯಾಗಿ ಗಂಡು ಹೆಣ್ಣು. ಒಬ್ಬಳಿಗೆ ಅಮಲೇರಿ ಕಾಲು ನಿಲ್ಲುತ್ತಿಲ್ಲ, ಅವನು ಹಿಡಿದುಕೊಂಡಿದ್ದಾನೆ. ಇನ್ನೊಬ್ಬಳು ಮಾವಿನ ಮರದ ಕೆಳಗೆ ಓರೆಯಾಗಿ ನಿಂತಿದ್ದಾಳೆ. ಸೂರಿನ ಒಳಗೆ ಬಣ್ಣದ ಚಿತ್ರಗಳ ಚೂರುಪಾರು ಇನ್ನೂ ಉಳಿದಿದೆ. ಅದನ್ನು ನೋಡಲು ಕತ್ತು ನೋಯುವಷ್ಟು ಹೊತ್ತು ತಲೆ ಎತ್ತಬೇಕು. ನನಗೆ ಕಂಡದ್ದು ಒಂದು ಕೆಂಪು ಮಸುಕು, ಅದರೊಳಗೆ ಒಂದು ಮುಖದ ಅಂಚು. ಅಪ್ಪನಿಗೆ ಅದೂ ಕಾಣಲಿಲ್ಲ.

ಪಕ್ಕದಲ್ಲೇ ಒಬ್ಬ ಗೈಡ್ ತನ್ನ ತಂಡಕ್ಕೆ, "ಇಲ್ಲಿ ನೋಡ್ರಿ, ಒಂದು ಕಡೆಯಿಂದ ಒಂದು ಥರಾ, ಇನ್ನೊಂದು ಕಡೆಯಿಂದ ಒಂದು ಥರಾ" ಅಂತ ಜೋರಾಗಿ ಹೇಳುತ್ತಿದ್ದ. ಅಪ್ಪ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಬಂದಿದ್ದು ಆ ಬರಹಕ್ಕಲ್ವಾ? ಅದನ್ನ ಹೇಳು" ಅಂದರು.

ಹೇಳಿದೆ. ಆ ಹುಣ್ಣಿಮೆಯ ದಿನ ಗುಹೆಯಲ್ಲಿ ವಿಷ್ಣುವಿನ ಪ್ರತಿಷ್ಠೆ ಆಯಿತು. ಮಂಗಲೇಶ ಅದರ ಖರ್ಚಿಗೆ ಒಂದು ಊರು ಬಿಟ್ಟುಕೊಟ್ಟ. ಸಂಸ್ಕೃತದಲ್ಲಿ ಅದರ ಹೆಸರು ಲಂಜೀಶ್ವರ, ಕನ್ನಡದಲ್ಲಿ ಲಂಜಿಗೇಸರ. ಅದರ ಆದಾಯದಲ್ಲಿ ದೇವರ ನೈವೇದ್ಯ ಆಗಬೇಕು. ದಿನಾ 16 ಜನ ಬ್ರಾಹ್ಮಣರಿಗೆ ಊಟ ಹಾಕಬೇಕು. ಉಳಿದದ್ದು ಊರೂರು ಸುತ್ತುವ ಸನ್ಯಾಸಿಗಳ ಅನ್ನಕ್ಕೆ. ಆಮೇಲೆ ಬರುತ್ತದೆ ನೋಡಿ, ನನಗೆ ಇಷ್ಟವಾದ ಸಾಲು. ಇದೆಲ್ಲದರ ಪುಣ್ಯ ನಮ್ಮಣ್ಣನಿಗೆ ಹೋಗಲಿ. ಅಣ್ಣನ ಸೇವೆ ಮಾಡಿದ ಫಲ ಇದೆಯಲ್ಲ, ಅದಿಷ್ಟು ನನಗಿರಲಿ. ಸೂರ್ಯ, ಅಗ್ನಿ, ನೆರೆದ ಜನರ ಎದುರಿಗೆ ಹೀಗೆ ನೀರೆರೆದು ಕೊಟ್ಟ.

ಅಪ್ಪ ಏನೂ ಮಾತಾಡಲಿಲ್ಲ.

ಇಲ್ಲಿ ನಮ್ಮ ಮನೆಯ ವಿಷಯ ಹೇಳದಿದ್ದರೆ ಆಗುವುದಿಲ್ಲ. ಅಪ್ಪ ಮತ್ತು ಚಿಕ್ಕಪ್ಪ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ತಾತನ ಮನೆ ಪಾಲಾದಾಗ ಶುರುವಾದದ್ದು. ಜಗುಲಿ ಒಬ್ಬರಿಗೆ, ಹಿತ್ತಲು ಒಬ್ಬರಿಗೆ ಅಂತ ಆಯಿತು. ನಡುಮನೆಗೆ ಗೋಡೆ ಎದ್ದಿತು. ಆ ಗೋಡೆ ಒಂದು ತೊಲೆಯ ಸರಿಯಾಗಿ ಅರ್ಧಕ್ಕೆ ಬಂತು. ಆ ತೊಲೆ ಯಾರದು ಅನ್ನುವುದಕ್ಕೆ ಮೂರು ಸಲ ಪಂಚಾಯ್ತಿ. ಹೊರಗಿನವರಿಗೆ ಹೇಳಿದರೆ ನಗು ಬರುತ್ತದೆ. ನಮಗೆ ಬಂದಿಲ್ಲ.

ಹಾಗಾಗಿ ಮಂಗಲೇಶನ ಮುಂದಿನ ಕಥೆ ಅಪ್ಪನಿಗೆ ಹೇಳಲೋ ಬೇಡವೋ ಅಂತ ಒಂದು ಕ್ಷಣ ಯೋಚಿಸಿದೆ. ಆದರೆ ಅವರು ಪೂರ್ತಿ ಕೇಳದೆ ಬಿಡುವವರಲ್ಲ.

ಗುಹೆ ಆಗಿ ಸುಮಾರು ಇಪ್ಪತ್ತು ವರ್ಷಕ್ಕೆ ಕೀರ್ತಿವರ್ಮ ತೀರಿಕೊಂಡ. ಅವನ ಮಗ ಇನ್ನೂ ಚಿಕ್ಕವನು. ಚಿಕ್ಕಪ್ಪ ಮಂಗಲೇಶನೇ ಸಿಂಹಾಸನಕ್ಕೆ ಬಂದ. ಚೆನ್ನಾಗಿಯೇ ಆಳಿದ, ಕಳಚುರಿಗಳನ್ನು ಸೋಲಿಸಿದ, ಕೊಂಕಣದ ಕಡೆ ರೇವತಿದ್ವೀಪವನ್ನು ಗೆದ್ದ. ಹತ್ತಿರದ ಮಹಾಕೂಟದಲ್ಲಿ ನಿಲ್ಲಿಸಿದ ಕಂಬದ ಶಾಸನದಲ್ಲೂ ಅಣ್ಣನನ್ನು ಹೊಗಳಿ ಬರೆಸಿದ. ಆ ಕಂಬ ಈಗ ವಿಜಯಪುರದ ಗೋಲಗುಮ್ಮಟದ ಮ್ಯೂಸಿಯಂನಲ್ಲಿದೆ. ಆದರೆ ಅಣ್ಣನ ಮಗ ಬೆಳೆದು ನಿಂತಾಗ ರಾಜ್ಯ ಬಿಟ್ಟುಕೊಡಲಿಲ್ಲ. ತನ್ನ ಮಗನಿಗೇ ಕೊಡಿಸಲು ನೋಡಿದ. ಅಣ್ಣನ ಮಗ ಊರು ಬಿಟ್ಟು ಹೋಗಿ, ಜನ ಕಟ್ಟಿಕೊಂಡು ಬಂದು ಯುದ್ಧ ಮಾಡಿದ. ಮಗನಿಗೆ ಪಟ್ಟ ಕಟ್ಟುವ ಮಂಗಲೇಶನ ಆಸೆಯೂ ಹೋಯಿತು, ರಾಜ್ಯವೂ ಹೋಯಿತು, ಜೀವವೂ ಹೋಯಿತು. ಐಹೊಳೆಯ ಮೇಗುಟಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಬರೆದದ್ದು ಇದನ್ನೇ. ರವಿಕೀರ್ತಿ ಗೆದ್ದವನ ಕವಿ ಅನ್ನುವುದನ್ನೂ ಮರೆಯಬಾರದು. ಗೆದ್ದವನು ಯಾರು ಗೊತ್ತಲ್ಲ? ಇಮ್ಮಡಿ ಪುಲಿಕೇಶಿ. ನರ್ಮದೆಯ ಹತ್ತಿರ ಹರ್ಷನನ್ನು ತಡೆದವನು. ಶಾಲೆಯ ಪುಸ್ತಕದಲ್ಲಿ ಅವನಿಗೆ ಒಂದು ಇಡೀ ಪಾಠ. ಅವನು ಪಟ್ಟಕ್ಕೆ ಹೇಗೆ ಬಂದ ಅನ್ನುವುದು ಒಂದು ಸಾಲು, ಕೆಲವು ಸಲ ಅದೂ ಇಲ್ಲ.

"ಅಣ್ಣನ ಮೇಲೆ ಅಷ್ಟೊಂದು ಪ್ರೀತಿ ಅಂತ ಕಲ್ಲಲ್ಲಿ ಬರೆಸಿದೋನು!" ಅಂದೆ ನಾನು.

ಅಪ್ಪ ಕಂಬಕ್ಕೆ ಒರಗಿ ಕೂತಿದ್ದರು. "ಬರೆಸಿದ್ದು ತಮ್ಮ. ಅಣ್ಣ ಏನಂದ ಅಂತ ಎಲ್ಲಾದ್ರೂ ಬರೆದಿದೆಯಾ?" ಅಂದರು.

ಇಲ್ಲ. ಆ ಬಗ್ಗೆ ಕೀರ್ತಿವರ್ಮನ ಮಾತು ಅಲ್ಲಿ ಎಲ್ಲೂ ಇಲ್ಲ. ಹುಣ್ಣಿಮೆಯ ದಿನ ಅಣ್ಣ ಮೆಟ್ಟಿಲು ಹತ್ತಿ ಬಂದು ನೋಡಿದನೋ, ಪುಣ್ಯ ತೆಗೆದುಕೊಂಡನೋ, ಸುಮ್ನೆ ತಲೆಯಾಡಿಸಿದನೋ. ಇಷ್ಟು ಸಲ ಆ ಶಾಸನದ ಬಗ್ಗೆ ಓದಿದ್ದ ನನಗೆ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಅಪ್ಪ ಮನೆಯ ಹಿರಿಯ ಮಗ. ಅವರಿಗೆ ಬಂತು.

ತಮ್ಮ ಸುಳ್ಳು ಹೇಳಿದ ಅಂತ ನನಗೆ ಅನಿಸುವುದಿಲ್ಲ. ಆ ದಿನಕ್ಕೆ ಅದು ನಿಜವೇ ಇದ್ದಿರಬೇಕು. ಇಪ್ಪತ್ತು ಮೂವತ್ತು ವರ್ಷದ ಮೇಲಿನ ದಿನಕ್ಕೆ ಅದನ್ನು ತಂದು ಅಳೆಯುವುದು ನಮ್ಮ ತಪ್ಪೋ ಏನೋ. ಕಲ್ಲಿನ ತೊಂದರೆಯೇ ಅದು. ಮನಸ್ಸು ಬದಲಾದಾಗ ಕಾಗದವಾದರೆ ಹರಿಯಬಹುದು. ಮಂಗಲೇಶ ಗುಡ್ಡವನ್ನು ಹರಿಯಲಾಗಲಿಲ್ಲ. ಪುಲಿಕೇಶಿಯೂ ಅದನ್ನು ಅಳಿಸಲಿಲ್ಲ. ಚಿಕ್ಕಪ್ಪನನ್ನು ಕೊಂದವನು ಚಿಕ್ಕಪ್ಪನ ಹೆಸರಿರುವ ಕಂಬವನ್ನು ಮುಟ್ಟದೆ ಬಿಟ್ಟ. ಅದರಲ್ಲಿ ಅವನ ಅಪ್ಪನ ಹೊಗಳಿಕೆಯೂ ಇತ್ತಲ್ಲ. ಮುಂದೆ 642ರಲ್ಲಿ ಕಂಚಿಯ ಪಲ್ಲವ ನರಸಿಂಹವರ್ಮ ಬಂದು ವಾತಾಪಿಯನ್ನು ಹಿಡಿದ, ವಾತಾಪಿಕೊಂಡ ಅಂತ ಬಿರುದು ಇಟ್ಟುಕೊಂಡ, ಊರಿನ ಬಂಡೆಯ ಮೇಲೆ ತನ್ನದೂ ಒಂದು ಶಾಸನ ಬರೆಸಿದ. ಹದಿಮೂರು ವರ್ಷ ಆದಮೇಲೆ ಪುಲಿಕೇಶಿಯ ಮಗ ವಿಕ್ರಮಾದಿತ್ಯ ಊರನ್ನು ವಾಪಸ್ ಗೆದ್ದ. ಇಷ್ಟೆಲ್ಲ ಆದರೂ ಕಲ್ಮನೆ ಇದ್ದ ಹಾಗೇ ಇದೆ. ದೇವರ ಕೋಣೆ ಮಾತ್ರ ಈಗ ಖಾಲಿ.

ಕನ್ನಡ ಶಾಸನದ ಮಿಕ್ಕ ಭಾಗವನ್ನು ಅಪ್ಪನಿಗೆ ಓದಿ ಹೇಳಿದೆ. ಕಲ್ಮನೆಗೆ ಲಂಜಿಗೇಸರ ಕೊಟ್ಟದ್ದು. ಆಮೇಲೆ, "ದೇವರ್ಕೆ ಪೂನಿಱಿವ ಮಾಲಕಾರರ್ಗೆ" ಅರ್ಧ ವೀಸ. ದೇವರಿಗೆ ಹೂ ಜೋಡಿಸುವ ಮಾಲೆಗಾರರ ಪಾಲು ಅದು. ನಿಱಿವ ಅನ್ನುವುದನ್ನು ಓದಿದಾಗ ನನಗೆ ಸೀರೆಯ ನಿರಿಗೆ ನೆನಪಾಯಿತು. ಹೂವನ್ನು ಹಾಗೆ ಒಂದರ ಪಕ್ಕ ಒಂದು ಒಪ್ಪವಾಗಿ ಇಡುವ ಬೆರಳುಗಳು. ವೀಸ ಅಂದರೆ ಹದಿನಾರರಲ್ಲಿ ಒಂದು ಪಾಲು, ಅದರಲ್ಲೂ ಅರ್ಧ. ಸಂಸ್ಕೃತ ಶಾಸನದಲ್ಲಿ ವಂಶ, ಗೋತ್ರ, ಯಜ್ಞಗಳು ಎಲ್ಲ ಇವೆ, ಹೂವಾಡಿಗರು ಇಲ್ಲ. ಅವರು ಸಿಗುವುದು ಕನ್ನಡದಲ್ಲಿ. ಅವರಿಗೂ ಅರ್ಥವಾಗುವ ಭಾಷೆಯಲ್ಲಿ ಅವರ ಪಾಲನ್ನು ಬರೆದಿಟ್ಟಿದ್ದಾರೆ. ಯಾರಾದರೂ ತಪ್ಪಿಸಿದರೆ ಕೈ ತೋರಿಸಿ, ನೋಡಪ್ಪ ಇಲ್ಲಿದೆ, ಅನ್ನಬಹುದು. ಇದನ್ನು ಅಳಿಸಿದವನು ಪಂಚಮಹಾಪಾತಕಿ, ಏಳನೆಯ ನರಕದ ಹುಳು ಆಗುತ್ತಾನೆ ಅಂತ ಕೊನೆಗೆ ಶಾಪ. ಬಯ್ಗುಳಕ್ಕೂ ಕನ್ನಡವೇ ಸರಿ ಅಂತ ಆಗಲೇ ಗೊತ್ತಿತ್ತು.

"ಅರ್ಧ ವೀಸಕ್ಕೆ ಏಳನೇ ನರಕ!" ಅಂತ ಅಪ್ಪ ನಕ್ಕರು. ಆ ದಿನ ಅವರು ನಕ್ಕಿದ್ದು ಅದೇ ಮೊದಲು.

ನಾಲ್ಕನೆಯ ಗುಹೆಗೂ ಹತ್ತಿದೆವು. ಬಾಹುಬಲಿ ಅಲ್ಲಿದ್ದಾನೆ, ಕಾಲಿಗೆ ಬಳ್ಳಿ ಸುತ್ತಿಕೊಂಡು. ಶ್ರವಣಬೆಳಗೊಳದವನಿಗಿಂತ ಹಿರಿಯ, ಎತ್ತರದಲ್ಲಿ ಮಾತ್ರ ನಮ್ಮ ನಿಮ್ಮ ಹಾಗೆ. ಅವನದೂ ಅಣ್ಣತಮ್ಮಂದಿರ ರಾಜ್ಯದ ಜಗಳ. ಅಪ್ಪ ಅವನ ಮುಂದೆ ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಇಳಿಯುವಾಗ ಮಂಡಿ ನೋವು ವಾಪಸ್ ಬಂತು. ಮೆಟ್ಟಿಲಿಗೊಮ್ಮೆ ನಿಂತು ಇಳಿದರು. ಕೆಳಗೆ ಕೆರೆಯ ಪಾವಟಿಗೆಯ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಏಟು ಬಿದ್ದ ಮೇಲೆ ಸದ್ದು ಎದುರಿನ ಗುಡ್ಡಕ್ಕೆ ಬಡಿದು ತಡವಾಗಿ ಬರುತ್ತಿತ್ತು. ಗುಹೆ ಕೊರೆಯುವಾಗಲೂ ಉಳಿಯ ಸದ್ದು ಹೀಗೇ ಎರಡೆರಡು ಸಲ ಕೇಳಿರಬೇಕು.

ಮಧ್ಯಾಹ್ನ ಬನಶಂಕರಿಗೆ ಹೋದೆವು. ಗುಡಿಯ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ಊಟ ತಂದು ಮಾರುತ್ತಾರೆ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮರದ ಕೆಳಗೆ ಕೂತು ಉಂಡೆವು. ಅಪ್ಪ ಎರಡನೇ ರೊಟ್ಟಿ ಮುರಿಯುತ್ತ ಕೇಳಿದರು. "ಆ ಲಂಜಿಗೇಸರ ಯಾವ ಕಡೆ?"

ಅದು ಮಹಾಕೂಟದ ಹತ್ತಿರದ ನಂದಿಕೇಶ್ವರ ಅಂತ ಶಾಸನ ಓದಿದ ವಿದ್ವಾಂಸರು ಗುರುತಿಸಿದ್ದಾರೆ. ಬಾದಾಮಿಯಿಂದ ಕೆಲವೇ ಕಿಲೋಮೀಟರ್. ಆಟೋದವರನ್ನು ಕೇಳಿದರೆ, "ಲಂಜಿ... ಏನಂದ್ರಿ? ಅಂಥಾ ಊರ ಇಲ್ರಿ ಇಲ್ಲಿ. ನಂದಿಕೇಶ್ವರ ಐತಿ, ಬರ್ರಿ" ಅಂದರು. ಹೋದೆವು. ಎಲ್ಲ ಊರುಗಳ ಹಾಗೇ ಒಂದು ಊರು. ಜೋಳದ ಹೊಲ, ನೀರಿನ ಟ್ಯಾಂಕು, ಕಟ್ಟೆಯ ಮೇಲೆ ಹರಟೆ. ಇಲ್ಲಿಂದ ಹೊರಟ ಅಕ್ಕಿಯೋ ಜೋಳವೋ ಗುಡ್ಡ ಹತ್ತಿ 16 ಜನರ ಎಲೆಗೆ ಬೀಳುತ್ತಿತ್ತು ಅಂತ ಹೇಳಿದರೆ ಕಟ್ಟೆಯ ಮೇಲಿದ್ದವರು ಏನನ್ನುತ್ತಿದ್ದರೋ. ಹೇಳಲಿಲ್ಲ. ಟೀ ಕುಡಿದು ಮಹಾಕೂಟಕ್ಕೆ ಹೊರಟೆವು.

ಮಹಾಕೂಟದ ಬಾಗಿಲ ಹತ್ತಿರ ಒಬ್ಬ ಅಜ್ಜಿ ಹೂ ಕಟ್ಟುತ್ತ ಕೂತಿದ್ದರು. ಸೇವಂತಿಗೆ, ನಡುನಡುವೆ ಪತ್ರೆ. ನೋಡದೆಯೇ ಕಟ್ಟುತ್ತಿದ್ದರು, ಬೆರಳು ತಾವಾಗಿ ಓಡುತ್ತಿದ್ದವು. ಅಪ್ಪ ಅಲ್ಲೇ ನಿಂತರು. ಅಪ್ಪನಿಗೆ ಹೂವಿನ ವ್ಯಾಪಾರ ಗೊತ್ತಿಲ್ಲ, ಅಮ್ಮ ಇರುವವರೆಗೆ ಅದು ಅಮ್ಮನ ಇಲಾಖೆ.

"ಮೊಳಕ್ಕೆ ಎಷ್ಟಮ್ಮ?"

"ಮೂವತ್ ರೂಪಾಯ್ರಿ."

"ಎರಡು ಮೊಳ ಕೊಡಿ."

ಅಜ್ಜಿ ಮೊಣಕೈಯಿಂದ ಬೆರಳ ತುದಿಗೆ ಅಳೆದರು, ಒಂದು, ಎರಡು. ಅಪ್ಪ ತೆಗೆದುಕೊಂಡು ತಮ್ಮ ಕೈಗೆ ಇಟ್ಟು ನೋಡಿದರು. ಒಂದೂವರೆ ಮೊಳವೂ ಬರಲಿಲ್ಲ.

"ನಿಮ್ಮ ಮೊಳ ಚಿಕ್ಕದಾಯ್ತಲ್ಲಮ್ಮ" ಅಂದರು.

ಅಜ್ಜಿ ಇನ್ನೊಂದು ಹೂ ದಾರಕ್ಕೆ ಸೇರಿಸುತ್ತ, ತಲೆ ಎತ್ತದೆ ಅಂದರು. "ಹೂ ಕಟ್ಟಿದ್ದು ನನ್ ಕೈರಿ. ಅಳತಿನೂ ನನ್ ಕೈದ ಇರ್ಬೇಕಲ್ರಿ."

ಅಪ್ಪ ಅರವತ್ತು ರೂಪಾಯಿ ಎಣಿಸಿ ಕೊಟ್ಟರು.